ದೊಡ್ಡವರು ಕಲಿಯುವುದು ಎಲ್ಲಿ, ಹೇಗೆ?

ಗಲ್ಫ್‌ನಿಂದ ಪತ್ರ ಬರುತ್ತಿದ್ದ ಕಾಲವನ್ನು ನಮ್ಮ ಓದುಗರಲ್ಲಿ ಅನೇಕರು ಮರೆತಿರಲಿಕ್ಕಿಲ್ಲ. ಅಂಚಿನಲ್ಲಿ ಕೆಂಪು, ನೀಲಿ ಪಟ್ಟಿ ಇರುವ ಲಕೋಟೆ, ಒಳಗೆ ಎರಡೂ ಬದಿಯಲ್ಲಿ ಬರೆದ ತೆಳ್ಳಗಿನ ಕಾಗದ. ಪೋಸ್ಟ್‌ಮ್ಯಾನ್ ಕೊಟ್ಟು ಹೋದ ಮೇಲೆ ಅದನ್ನು ಓದಿಕೊಡುವವರನ್ನು ಹುಡುಕಬೇಕು. ಹೆಚ್ಚಾಗಿ ನೆರೆಮನೆಯ ಐದನೆಯೋ ಆರನೆಯೋ ಕ್ಲಾಸಿನ ಹುಡುಗನೇ ಸಿಗುವುದು. ಅವನು ಜಗಲಿಯಲ್ಲಿ ನಿಂತು ಶಾಲೆಯ ಪಾಠದ ಹಾಗೆ ಗಟ್ಟಿಯಾಗಿ ಓದುತ್ತಿದ್ದ. ಗಂಡ ಹೆಂಡತಿಗೆಂದೇ ಬರೆದದ್ದನ್ನು ಅತ್ತೆ, ನಾದಿನಿ, ಬೀಡಿ ಕಟ್ಟಲು ಬಂದು ಕುಳಿತ ಪಕ್ಕದ ಮನೆಯವರು ಎಲ್ಲರೂ ಕೇಳುತ್ತಿದ್ದರು. ನಾವೂ ಚಿಕ್ಕಂದಿನಲ್ಲಿ ಹೀಗೆ ಪತ್ರ ಓದಿಕೊಟ್ಟವರೇ. ಪತ್ರ ಕೇಳುತ್ತಿದ್ದಾಕೆ ತಲೆ ತಗ್ಗಿಸಿ ಸೆರಗಿನ ತುದಿ ತಿರುಚುತ್ತಿದ್ದದ್ದು ಏಕೆಂದು ನಮಗೆ ಅರ್ಥವಾಗಲು ಬಹಳ ವರ್ಷ ಹಿಡಿಯಿತು.

ಆ ಮುಜುಗರ ಸಾಕಾಗಿ ಅಕ್ಷರ ಕಲಿತ ಹೆಂಗಸರು ನಮ್ಮ ಊರುಗಳಲ್ಲಿ ಕೆಲವರಾದರೂ ಇದ್ದಾರೆ. ಮಗಳ ಸ್ಲೇಟಿನಲ್ಲಿ ತಿದ್ದಿ, ಅಂಗಡಿಯಿಂದ ಸಾಮಾನು ಕಟ್ಟಿ ಬಂದ ಪೇಪರ್ ತುಂಡನ್ನು ಒಲೆಯ ಬೆಳಕಿನಲ್ಲಿ ಹಿಡಿದು ಕಲಿತರು. ಕೆಲವರು ಕನ್ನಡ ಅಕ್ಷರದಲ್ಲಿ ಬ್ಯಾರಿ ಮಾತು ಬರೆದರು. ಕೆಲವರು ಚಿಕ್ಕಂದಿನಲ್ಲಿ ಮದ್ರಸದಲ್ಲಿ ಕಂಡಿದ್ದ ಅರಬಿ ಮಲಯಾಳ ಲಿಪಿಯನ್ನೇ ಮತ್ತೆ ನೆನಪಿಗೆ ತಂದುಕೊಂಡರು. ಯಾರೂ ಹಾಜರಿ ಕರೆಯಲಿಲ್ಲ, ಯಾರೂ ಪರೀಕ್ಷೆ ಇಡಲಿಲ್ಲ. ಎಸ್.ಎ. ಜಮೀಲ್ ಅವರ ‘ದುಬೈ ಕತ್ತುಪಾಟ್ಟು’ ಟೇಪ್ ರೆಕಾರ್ಡರ್‌ಗಳಲ್ಲಿ ಕೇಳಿಬರುತ್ತಿದ್ದ ದಿನಗಳವು. ಗಲ್ಫ್‌ನಲ್ಲಿರುವ ಗಂಡನಿಗೆ ಹೆಂಡತಿ ಬರೆಯುವ ಪತ್ರದ ಆ ಹಾಡನ್ನು ಕೇಳಿ ಅತ್ತವರಲ್ಲಿ ಸ್ವಂತ ಕೈಯಲ್ಲಿ ಒಂದು ಪತ್ರ ಬರೆಯಲಾಗದವರೂ ಇದ್ದರು ಎಂಬುದನ್ನು ಯೋಚಿಸಿ ನೋಡಿ.

ಈಗ ಪತ್ರ ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ ವಾಯ್ಸ್ ಬರುತ್ತದೆ, ವಾಯ್ಸ್ ಹೋಗುತ್ತದೆ. ಎಪ್ಪತ್ತು ದಾಟಿದ ಉಮ್ಮ ಕೂಡ ಜುಬೈಲ್‌ನಲ್ಲಿರುವ ಮಗನಿಗೆ ಮೈಕಿನ ಚಿತ್ರ ಒತ್ತಿ ಹಿಡಿದು ಮಾತಾಡುತ್ತಾರೆ. ಮೊಮ್ಮಗ ಎರಡು ಸಲ ತೋರಿಸಿಕೊಟ್ಟದ್ದು ಅಷ್ಟೆ. ಒಳ್ಳೆಯದೇ ಆಯಿತು. ಆದರೆ ಅಕ್ಷರ ಕಲಿಯಲು ಮನೆಯೊಳಗಿದ್ದ ಒಂದು ದೊಡ್ಡ ಕಾರಣ ಅದರೊಂದಿಗೆ ಸದ್ದಿಲ್ಲದೆ ಹೋಯಿತು. ಅದೇ ಉಮ್ಮ ಬ್ಯಾಂಕಿಗೆ ಹೋದರೆ ಹೆಬ್ಬೆಟ್ಟು ಒತ್ತಲು ಸಾಕ್ಷಿ ಬೇಕು. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಬರುವುದು ಮನೆಯ ಯಜಮಾನಿಯ ಖಾತೆಗೆ. ಅದು ಬಂತೋ ಇಲ್ಲವೋ ಎಂದು ತಿಳಿಯಬೇಕಾದರೆ ಯಜಮಾನಿ ಇನ್ನೊಬ್ಬರ ಮುಖ ನೋಡಬೇಕು. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತ, ಆದರೆ ಖಾಸಗಿ ಬಸ್ಸುಗಳೇ ಹೆಚ್ಚು ಓಡುವ ನಮ್ಮ ಜಿಲ್ಲೆಯಲ್ಲಿ ಬಂದದ್ದು ಯಾವ ಬಸ್ಸು, ಎಲ್ಲಿಗೆ ಹೋಗುವುದು ಎಂದು ಬೋರ್ಡ್ ಓದಲು ಗೊತ್ತಿರಬೇಕು. ಸಕ್ಕರೆ ಕಾಯಿಲೆಯ ಮಾತ್ರೆ ಯಾವುದು, ಬಿ.ಪಿ.ಯದು ಯಾವುದು ಎಂದು ಬಣ್ಣ ನೋಡಿ ಗುರುತಿಸುವವರು ಎಷ್ಟು ಮನೆಯಲ್ಲಿಲ್ಲ? ಮೆಡಿಕಲ್‌ನವರು ಬೇರೆ ಕಂಪೆನಿಯದ್ದು ಕೊಟ್ಟರೆ ಬಣ್ಣವೂ ಬದಲು.

‘ಕಲಿಕೆಗೆ ವಯಸ್ಸಿಲ್ಲ’ ಎಂದು ವೇದಿಕೆಗಳಲ್ಲಿ ಬೇಕಾದಷ್ಟು ಭಾಷಣ ನಡೆಯುತ್ತದೆ. ದೊಡ್ಡವರು ನಿಜವಾಗಿ ಎಲ್ಲಿ ಕಲಿಯುತ್ತಾರೆ, ಏನು ಕಂಡರೆ ಕಲಿಯುತ್ತಾರೆ, ತರಗತಿ ಇಟ್ಟರೆ ಏಕೆ ಬಿಟ್ಟು ಹೋಗುತ್ತಾರೆ ಎಂದು ಕುಳಿತು ಮಾತಾಡುವುದು ಮಾತ್ರ ಕಡಿಮೆ. ಬೆಳಗ್ಗೆ ಮಕ್ಕಳಿಗೂ ಉಳಿದ ಹೊತ್ತಿನಲ್ಲಿ ದೊಡ್ಡವರಿಗೂ ಪಾಠ ಮಾಡುವವರಾದ ನಮಗೆ ಕಂಡದ್ದನ್ನು ಇಲ್ಲಿ ಹೇಳುತ್ತೇವೆ.

ಸರಕಾರದ ಪ್ರಯತ್ನ ಇಲ್ಲವೆಂದಲ್ಲ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂತು. ಅದರ ಬೆನ್ನಿಗೆ ಸಾಕ್ಷರತಾ ಆಂದೋಲನ ನಮ್ಮ ಜಿಲ್ಲೆಗೂ ಬಂತು, ಸಂಜೆ ಲಾಟೀನು ಹಿಡಿದು ಸ್ವಯಂಸೇವಕರು ಮನೆ ಮನೆ ಹತ್ತಿದ್ದನ್ನು ಹಿರಿಯರು ಈಗಲೂ ಹೇಳುತ್ತಾರೆ. ಮೂರು ಪುಸ್ತಕ, ಒಟ್ಟು ಸುಮಾರು 200 ಗಂಟೆಯ ಕಲಿಕೆ ಎಂದು ಲೆಕ್ಕ. ಆದರೆ ಮಿಷನ್ ಕಣ್ಣಿಟ್ಟದ್ದು 15ರಿಂದ 35 ವರ್ಷದವರ ಮೇಲೆ. ಮೂವತ್ತಾರು ಆದವರು ಆಗಲೇ ಪಟ್ಟಿಯಿಂದ ಹೊರಗೆ. 2009ರ ಸಾಕ್ಷರ ಭಾರತ ಯೋಜನೆ ಆ ಮೇಲಿನ ಮಿತಿ ತೆಗೆಯಿತು, 2022ರಲ್ಲಿ ಆರಂಭವಾದ ಈಗಿನ ಕಾರ್ಯಕ್ರಮದಲ್ಲೂ 15 ದಾಟಿದ ಯಾರೂ ಸೇರಬಹುದು. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88.57. ಉಳಿದವರು ಯಾರು ಎಂದು ತಿಳಿಯಲು ದೂರ ಹೋಗಬೇಕಾಗಿಲ್ಲ, ನಮ್ಮ ನಮ್ಮ ಅಡುಗೆ ಕೋಣೆಯ ಬಾಗಿಲಲ್ಲಿ ನಿಂತರೆ ಸಾಕು.

ತಡ್ಪೆಯ ಮುಂದೆ ಕುಳಿತು

ಬೀಡಿ ಕಟ್ಟದ ಮನೆಯಿಂದ ಬೀಡಿ ಕಟ್ಟುವ ಮನೆಗೆ ಮದುವೆಯಾಗಿ ಬಂದ ಹೆಣ್ಣು ಹೇಗೆ ಕಲಿಯುತ್ತಾಳೆ ಎಂದು ಗಮನಿಸಿದ್ದೀರಾ? ಮೊದಲ ದಿನ ಯಾರೂ ಅವಳ ಕೈಗೆ ಹೊಗೆಸೊಪ್ಪು ಕೊಡುವುದಿಲ್ಲ. ಅತ್ತೆಯ ಬದಿಯಲ್ಲಿ ಕುಳಿತು ನೆನೆಸಿದ ಎಲೆಯನ್ನು ಅಳತೆ ಇಟ್ಟು ಕತ್ತರಿಸುವುದಷ್ಟೇ ಅವಳ ಕೆಲಸ. ಕೆಲವು ದಿನ ಹೋದ ಮೇಲೆ ಸುತ್ತಿದ ಬೀಡಿಗೆ ನೂಲು ಕಟ್ಟುವುದು. ಸುತ್ತುವುದು ಕೊನೆಗೆ. ಇಂದು ಒಂದನೇ ಪಾಠ, ನಾಳೆ ಎರಡನೇ ಪಾಠ ಎಂದು ಯಾರೂ ಹೇಳುವುದಿಲ್ಲ. ಆದರೂ ಪಾಠಕ್ಕೆ ಒಂದು ಕ್ರಮ ಉಂಟು: ಹಾಳಾದರೆ ನಷ್ಟ ಕಡಿಮೆ ಇರುವ ಕೆಲಸ ಮೊದಲು, ನಷ್ಟ ಹೆಚ್ಚು ಇರುವುದು ಕೊನೆಗೆ. ತಪ್ಪಾದರೆ ಅತ್ತೆ ಬಿಚ್ಚಿ ಅಲ್ಲೇ ಮತ್ತೊಮ್ಮೆ ಸುತ್ತಿ ತೋರಿಸುತ್ತಾರೆ. ಬಾಯಿಯ ಮಾತು ಅಡುಗೆಯದ್ದೋ ಮದುವೆಯದ್ದೋ ಆಗಿರುತ್ತದೆ, ಕೈ ಮಾತ್ರ ಪಾಠ ಮಾಡುತ್ತಿರುತ್ತದೆ. ಶಿಕ್ಷಕರ ತರಬೇತಿಗಳಲ್ಲಿ ದೊಡ್ಡ ದೊಡ್ಡ ಹೆಸರಿಟ್ಟು ಹೇಳುವ ಎಷ್ಟೋ ವಿಷಯ ಈ ತಡ್ಪೆಯ ಎದುರು ದಿನಾಲೂ ನಡೆಯುತ್ತದೆ.

ಹಾಗೆಯೇ ಲೆಕ್ಕ. ಇಷ್ಟು ಎಲೆ, ಇಷ್ಟು ಹೊಗೆಸೊಪ್ಪು ಕೊಟ್ಟರೆ ಇಷ್ಟು ಸಾವಿರ ಬೀಡಿ ಬರಬೇಕು. ಎಲೆ ಕೆಟ್ಟದ್ದಿದ್ದರೆ ಎಷ್ಟು ಕಡಿಮೆಯಾಗುತ್ತದೆ, ಬ್ರ್ಯಾಂಚಿನಲ್ಲಿ ಎಷ್ಟು ಕಟ್ಟು ತೆಗೆದು ಬದಿಗಿಟ್ಟರು, ವಾರಕ್ಕೆ ಕೈಗೆ ಎಷ್ಟು ಬರಬೇಕು, ಎಲ್ಲ ಬಾಯಿಲೆಕ್ಕ. ಒಂದು ರೂಪಾಯಿ ತಪ್ಪುವುದಿಲ್ಲ. ಅದೇ ಲೆಕ್ಕವನ್ನು ಪುಸ್ತಕದಲ್ಲಿ ಬರೆದು ಮುಂದಿಟ್ಟರೆ, “ನನಗೆ ಲೆಕ್ಕ ಎಲ್ಲ ಬರುದಿಲ್ಲ ಉಸ್ತಾದ್, ನಾನು ಶಾಲೆಗೆ ಹೋದವಳಲ್ಲ” ಎಂಬ ಉತ್ತರ. ಇದು ನಮ್ಮ ಹೆಂಗಸರದ್ದು ಮಾತ್ರವಲ್ಲ. ಜೀನ್ ಲೇವ್ ಎಂಬ ಅಮೆರಿಕದ ಸಂಶೋಧಕಿ ಕ್ಯಾಲಿಫೋರ್ನಿಯದ ಅಂಗಡಿಗಳಲ್ಲಿ ಸಾಮಾನು ಕೊಳ್ಳುವವರ ಹಿಂದೆಯೇ ನಡೆದು, ಯಾವ ಪೊಟ್ಟಣ ತೆಗೆದರೆ ಲಾಭ ಎಂದು ಅವರು ಹಾಕುವ ಲೆಕ್ಕ ನೋಡಿದರು. 98 ಶೇಕಡ ಸರಿ. ಅದೇ ಜನರನ್ನು ಕೂರಿಸಿ ಶಾಲೆಯ ರೀತಿಯ ಲೆಕ್ಕದ ಪರೀಕ್ಷೆ ಕೊಟ್ಟಾಗ ಸರಾಸರಿ 59ಕ್ಕೆ ಇಳಿಯಿತು. 1988ರಲ್ಲಿ ಬಂದ ಅವರ ಪುಸ್ತಕದಲ್ಲಿ ಇದು ಇದೆ. ಬಾರದ್ದು ಲೆಕ್ಕವಲ್ಲ, ಪರೀಕ್ಷೆ ಎಂದಾಯಿತು.

ನೆರೆಯ ಕಣ್ಣೂರಿನ ಬೀಡಿ ಶೆಡ್‌ಗಳಲ್ಲಿ ಇನ್ನೊಂದು ಏರ್ಪಾಡು ಇತ್ತು. ಕೆಲಸಗಾರರು ತಮ್ಮಲ್ಲೇ ಒಬ್ಬನನ್ನು ಆರಿಸಿ ಪೇಪರ್, ಪುಸ್ತಕ ಗಟ್ಟಿಯಾಗಿ ಓದಲು ಕೂರಿಸುತ್ತಿದ್ದರು. ಅವನ ಪಾಲಿನ ಬೀಡಿಯನ್ನು ಉಳಿದವರು ಹಂಚಿಕೊಂಡು ಸುತ್ತಿಕೊಡುವುದು. ಹೀಗೆ ಕೇಳಿಯೇ ಲೋಕದ ರಾಜಕೀಯ ಅರೆದು ಕುಡಿದವರಾದರು. ನಮ್ಮಲ್ಲಿ ಬೀಡಿ ಮನೆಯೊಳಗೆ, ಹೆಂಗಸರ ಕೈಯಲ್ಲಿ ಉಳಿಯಿತು. ಓದುವವರು ಬರಲಿಲ್ಲ. ಮುಹ್‌ಯಿದ್ದೀನ್ ಮಾಲೆಯೋ ಮೌಲೂದೋ ಹೇಳಿಕೊಳ್ಳುತ್ತಾ ಕಟ್ಟುತ್ತಿದ್ದ ಕಾಲವೊಂದಿತ್ತು. ಈಗ ಆ ಜಾಗದಲ್ಲಿ ಧಾರಾವಾಹಿ. (ಈ ವಿಷಯ ಎತ್ತಿದರೆ ನಮ್ಮ ಮನೆಯಲ್ಲೂ ಮುಖ ದಪ್ಪವಾಗುತ್ತದೆ, ಆದ್ದರಿಂದ ಇಲ್ಲಿಗೇ ಬಿಡುತ್ತೇವೆ.)

ಹರೇಕಳ ಹಾಜಬ್ಬರ ಕಥೆ ಎಲ್ಲರಿಗೂ ಗೊತ್ತು. ಕಿತ್ತಳೆಯ ಬೆಲೆ ಎಷ್ಟೆಂದು ವಿದೇಶಿಯರು ಇಂಗ್ಲಿಷ್‌ನಲ್ಲಿ ಕೇಳಿದಾಗ ಉತ್ತರ ಕೊಡಲಾಗದ ನೋವಿನಿಂದ ಅವರು ಊರಿಗೆ ಶಾಲೆ ತಂದರು, 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಹೇಳುವವರೆಲ್ಲ ಕಿತ್ತಳೆಯ ಬುಟ್ಟಿಯಲ್ಲೇ ನಿಲ್ಲುತ್ತಾರೆ. ನಮಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಮಧ್ಯದ ಭಾಗ. ಶಾಲೆಯ ಮೆಟ್ಟಿಲು ಹತ್ತದ ಮನುಷ್ಯ ಒಂದು ಸರಕಾರಿ ಶಾಲೆ ಮಂಜೂರು ಮಾಡಿಸಬೇಕಾದರೆ ಏನೆಲ್ಲ ಕಲಿತಿರಬೇಕು! ಯಾವ ಕಚೇರಿಗೆ ಮೊದಲು ಹೋಗಬೇಕು, ಅರ್ಜಿ ಯಾರ ಮೇಜಿನಲ್ಲಿ ನಿಲ್ಲುತ್ತದೆ, ಜಾಗದ ವಿಷಯ ಯಾರ ಕೈಯಲ್ಲಿದೆ, ಯಾರ ಹತ್ತಿರ ಹೇಗೆ ಮಾತಾಡಬೇಕು. ಪದವೀಧರರೂ ಸುಸ್ತಾಗುವ ಪಾಠ ಅದು. ಹಣ್ಣು ಮಾರುತ್ತಾ, ಕಚೇರಿಯಿಂದ ಕಚೇರಿಗೆ ಅಲೆಯುತ್ತಾ ಕಲಿತರು.

ಗಲ್ಫ್‌ಗೆ ಹೋದ ನಮ್ಮ ಗಂಡಸರದ್ದೂ ಇದೇ. ಬ್ಯಾರಿ, ತುಳು ಬಿಟ್ಟರೆ ಬೇರೆ ಮಾತು ಸರಿಯಾಗಿ ಬಾರದೆ ವಿಮಾನ ಹತ್ತಿದವರು ಎರಡು ವರ್ಷ ಕಳೆದು ಬರುವಾಗ ಹಿಂದಿ, ಮಲಯಾಳ, ಅರಬಿ ಮೂರನ್ನೂ ಆಡುತ್ತಿದ್ದರು. ಕಿತಾಬಿನ ಅರಬಿ ಕಲಿತ ನಮ್ಮಂಥವರು ಜಿದ್ದಾದ ಬೀದಿಯಲ್ಲಿ ಟ್ಯಾಕ್ಸಿಯವನ ಜೊತೆ ಚೌಕಾಶಿ ಮಾಡಲು ವ್ಯಾಕರಣ ಹುಡುಕುತ್ತಾ ನಿಂತಾಗ, ಬಕಾಲದಲ್ಲಿ ಕೆಲಸ ಮಾಡುವ ಬಂಟ್ವಾಳದ ಹುಡುಗ ಎರಡು ಮಾತಲ್ಲಿ ಮುಗಿಸಿದ. ‘ಫತ್‌ಹುಲ್ ಮುಈನ್’ ಓದಿದವರಿಗೂ ಬೀದಿಯಲ್ಲಿ ಬೀದಿಯ ಉಸ್ತಾದನೇ ಬೇಕು.

ಕೇಳಿ ಕಲಿತದ್ದರ ಕೊರತೆ

ಇಷ್ಟು ಹೇಳಿದ ಮೇಲೆ, ಹಾಗಾದರೆ ತರಗತಿಯೇ ಬೇಡವಲ್ಲ, ಜೀವನವೇ ಕಲಿಸುತ್ತದಲ್ಲ ಎಂದು ಕೆಲವರು ಹೇಳಬಹುದು. ಈ ಮಾತನ್ನು ಹೆಚ್ಚಾಗಿ ಹೇಳುವವರು ಪದವಿ ಪಡೆದು ಮನೆಯ ಗೋಡೆಗೆ ಸರ್ಟಿಫಿಕೇಟ್ ತೂಗುಹಾಕಿದವರು ಎಂಬುದನ್ನು ಗಮನಿಸಿ. ನಮಗೆ ಇದು ಒಪ್ಪಿಗೆಯಿಲ್ಲ.

ಮೊದಲನೆಯದು ತಿದ್ದುವ ವಿಷಯ. ಸುತ್ತಿದ ಬೀಡಿ ಸಡಿಲವಾದರೆ ಕಣ್ಣಿಗೆ ಕಾಣುತ್ತದೆ. ನಾಲಗೆಯ ತಪ್ಪು ಕಾಣುವುದಿಲ್ಲ. ಯಾಸೀನ್ ಪೂರ್ತಿ ಬಾಯಿಪಾಠ ಇರುವ ಉಮ್ಮಂದಿರು ನಮ್ಮಲ್ಲಿ ಬಹಳ. ತಮ್ಮ ಉಮ್ಮ ಹೇಳುವುದನ್ನು ಕೇಳಿ, ಮರಣದ ಮನೆಯಲ್ಲಿ ಎಲ್ಲರೊಂದಿಗೆ ಹೇಳಿ, ಹಾಗೆಯೇ ಬಂದದ್ದು. ಆ ನೆನಪಿನ ಶಕ್ತಿಗೆ ನಾವು ತಲೆಬಾಗುತ್ತೇವೆ. ಆದರೆ ಅರಬಿಯಲ್ಲಿ ‘ಖಲ್ಬ್’ ಎಂದರೆ ಹೃದಯ, ‘ಕಲ್ಬ್’ ಎಂದರೆ ನಾಯಿ. ಗಂಟಲಿನ ಹತ್ತಿರದಿಂದ ಬರಬೇಕಾದದ್ದು ಸ್ವಲ್ಪ ಮುಂದಕ್ಕೆ ಬಂದರೆ ಅರ್ಥವೇ ಬೇರೆ. ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ಫಾತಿಹಾ ಓದುವುದು ನಮಾಝಿನ ರುಕ್ನ್, ಅದರ ಒಂದೊಂದು ಅಕ್ಷರಕ್ಕೂ ಲೆಕ್ಕ ಇದೆ. ಕಲಿಯಲು ಸಾಧ್ಯವಿದ್ದೂ ಕಲಿಯದೆ ಅಕ್ಷರ ಬದಲಿಸಿ ಓದಿದರೆ ಆ ಓದು ಸಿಂಧುವಾಗುವುದಿಲ್ಲ. ನಲವತ್ತು ವರ್ಷ ಹೇಳಿ ಹೇಳಿ ನಾಲಗೆಗೆ ಕೂತ ತಪ್ಪನ್ನು ತೆಗೆಯುವುದು, ಏನೂ ಗೊತ್ತಿಲ್ಲದ ಮಗುವಿಗೆ ಹೊಸತಾಗಿ ಕಲಿಸುವುದಕ್ಕಿಂತ ಎಷ್ಟೋ ಕಷ್ಟ. ಅಲ್ಲಿ ಎದುರಿಗೆ ಕುಳಿತು ಕೇಳುವ, ನಿಲ್ಲಿಸುವ, ಮತ್ತೆ ಹೇಳಿಸುವ ಒಬ್ಬರು ಬೇಕೇ ಬೇಕು. ಯೂಟ್ಯೂಬ್ ಕಿರಾಅತ್ ಕೇಳಿಸುತ್ತದೆ, ನಿಮ್ಮದನ್ನು ಕೇಳುವುದಿಲ್ಲ.

ಎರಡನೆಯದು ಕಾಗದ. ಇಪ್ಪತ್ತು ವರ್ಷ ಎ.ಸಿ. ರಿಪೇರಿ ಮಾಡಿದ, ಯಾವ ಯಂತ್ರದ ಸದ್ದು ಕೇಳಿಯೂ ರೋಗ ಹೇಳುವ ಮನುಷ್ಯನ ಕೈಯಲ್ಲಿ ಒಂದು ಸರ್ಟಿಫಿಕೇಟ್ ಇಲ್ಲ. ಅವನು ಕೆಲಸ ಕಲಿಸಿಕೊಟ್ಟ ಹುಡುಗ ಡಿಪ್ಲೊಮಾ ತೋರಿಸಿ ಅವನ ಮೇಲೆ ಸೂಪರ್‌ವೈಸರ್ ಆಗುತ್ತಾನೆ. ಹತ್ತನೇ ತರಗತಿ ಪಾಸಾಗದ, ಬೇರೆ ವಿನಾಯಿತಿಯೂ ಇಲ್ಲದವರ ಪಾಸ್‌ಪೋರ್ಟ್‌ಗೆ ಇಸಿಆರ್ ಬೀಳುತ್ತದೆ. ಸೌದಿ, ಯುಎಇ, ಕತರ್, ಕುವೈತ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಅವರಿಗೆ ವಲಸೆ ಇಲಾಖೆಯ ಅನುಮತಿ ಬೇಕು. ಆ ನಿಯಮ ಇರುವುದು ಕಾರ್ಮಿಕರ ರಕ್ಷಣೆಗೆ, ನಿಜ. ಆದರೆ ಅದು ಹತ್ತನೇ ಪಾಸಾದವನನ್ನೂ ಆಗದವನನ್ನೂ ಬೇರೆ ಬೇರೆ ಸಾಲಿನಲ್ಲಿ ನಿಲ್ಲಿಸುತ್ತದೆ ಎಂಬುದೂ ನಿಜ. ಕೈ ಕಲಿತದ್ದನ್ನು ಕಾಗದ ಹೇಳದಿದ್ದರೆ ಕೌಂಟರಿನ ಆಚೆ ಕುಳಿತವರಿಗೆ ಗೊತ್ತಾಗುವುದು ಹೇಗೆ?

ಇದಕ್ಕೆ ದಾರಿ ಇದೆ, ನಮ್ಮವರಲ್ಲಿ ಅನೇಕರಿಗೆ ತಿಳಿದಿಲ್ಲ ಅಷ್ಟೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್‌ನಲ್ಲಿ ಹತ್ತನೇ ತರಗತಿಗೆ ಸೇರಲು 14 ವರ್ಷ ತುಂಬಿದ್ದರೆ ಸಾಕು, ಮೇಲಿನ ವಯೋಮಿತಿ ಇಲ್ಲ. ಒಮ್ಮೆ ನೋಂದಣಿ ಮಾಡಿದರೆ ಐದು ವರ್ಷದೊಳಗೆ ಒಂಬತ್ತು ಸಲ ಪರೀಕ್ಷೆ ಬರೆಯುವ ಅವಕಾಶ. ಒಂದೊಂದೇ ವಿಷಯ ಬರೆದು ಮುಗಿಸಬಹುದು. ಎಸೆಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಕಟ್ಟುವ ದಾರಿಯೂ ಇದೆ. ಕೈಕೆಲಸದವರಿಗೆ, ಈಗಾಗಲೇ ಗೊತ್ತಿರುವ ಕೆಲಸವನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಆರ್‌ಪಿಎಲ್ ಎಂಬ ವ್ಯವಸ್ಥೆ ಕೇಂದ್ರ ಸರಕಾರದ ಕೌಶಲ ಯೋಜನೆಯಲ್ಲಿದೆ. ಜುಮಾ ನಮಾಝಿನ ಬಳಿಕ ಮೈಕಿನಲ್ಲಿ ವಂತಿಗೆಯ ಲೆಕ್ಕ ಹೇಳುವಾಗ ಇದನ್ನೂ ಎರಡು ನಿಮಿಷ ಹೇಳಿದರೆ ಏನೂ ಖರ್ಚಿಲ್ಲ.

ಚಾಪೆ ಖಾಲಿಯಾಗುವುದು ಏಕೆ?

ನಮ್ಮ ಮೊಹಲ್ಲಾದಲ್ಲಿ ಹೆಂಗಸರಿಗೆ ಕುರ್‌ಆನ್ ಓದು ಮತ್ತು ಕನ್ನಡ ಅಕ್ಷರದ ತರಗತಿ ನಡೆಯುತ್ತಿದೆ. ಶರೀಅತ್ ಕಾಲೇಜಿನಲ್ಲಿ ಕಲಿತ ಒಬ್ಬಾಕೆ ಕಲಿಸುತ್ತಾರೆ. ಆರಂಭದ ವಾರ ಚಾಪೆ ಸಾಕಾಗದೆ ಮಸೀದಿಯಿಂದ ತರಿಸಬೇಕಾಯಿತು. ಎರಡು ತಿಂಗಳಾಗುವಾಗ ಎಲ್ಲರೂ ಒಂದೇ ಚಾಪೆಯಲ್ಲಿ ಕುಳಿತರು. ಬೇರೆ ಊರುಗಳ ಉಸ್ತಾದರನ್ನು ಕೇಳಿದರೂ ಇದೇ ಕಥೆ. ಗಂಡಸರಿಗೆ ಇಶಾ ಬಳಿಕ ಇಟ್ಟ ತರಗತಿಯದ್ದೂ ಇದೇ. ‘ಅವರಿಗೆ ಆಸಕ್ತಿ ಇಲ್ಲ’ ಎಂದು ಕಮಿಟಿಯಲ್ಲಿ ಬರೆದು ಮುಗಿಸಿಬಿಡುವುದು ಸುಲಭ. ಬಿಟ್ಟವರನ್ನು ಒಬ್ಬೊಬ್ಬರಾಗಿ ಕೇಳಿದರೆ ಬೇರೆಯೇ ಕೇಳಿಬಂತು.

“ಮಗ್ರಿಬ್ ಆದ ಮೇಲೆ ಇಟ್ಟರೆ ನಾನು ಹೇಗೆ ಬರುದು? ಮಕ್ಕಳ ಹೋಂವರ್ಕ್, ರಾತ್ರಿಯ ಅಡಿಗೆ, ಗಂಡ ಬರುವ ಹೊತ್ತು” ಎಂದರು ಒಬ್ಬರು. ಸಮಯ ಗೊತ್ತುಮಾಡಿದ್ದು ಕಮಿಟಿಯ ಗಂಡಸರು. ಅವರಿಗೆ ಮಗ್ರಿಬ್ ಬಳಿಕ ಬಿಡುವು. ಈಗ ಅದನ್ನು ಲುಹ್ರ್ ಮತ್ತು ಅಸ್ರ್ ನಡುವಿಗೆ ತಂದಾಯಿತು, ಬೀಡಿ ಬ್ರ್ಯಾಂಚಿಗೆ ಕೊಡುವ ದಿನ ರಜೆ. ಇನ್ನೊಬ್ಬರದ್ದು ಬೇರೆ ತೊಂದರೆ: “ನಾನು ಅಲಿಫ್ ಬಾ ಹೇಳುವಾಗ ಮೊಮ್ಮಗಳು ಕಿಟಕಿಯಲ್ಲಿ ನಿಂತು ನಗ್ತಾಳೆ. ಮನೆಗೆ ಹೋಗಿ ಎಲ್ಲರಿಗೂ ಹೇಳ್ತಾಳೆ.” ಅವಳು ಕೆಟ್ಟ ಮನಸ್ಸಿನಿಂದ ನಗುವುದಲ್ಲ. ಆದರೆ ಮನೆಯಲ್ಲಿ ಎಲ್ಲರಿಗೂ ಬುದ್ಧಿ ಹೇಳುವ ಸ್ಥಾನದಲ್ಲಿರುವ ಹೆಂಗಸು, ಮಕ್ಕಳು ಕೂರುವ ಗಿಡ್ಡ ಬೆಂಚಿನಲ್ಲಿ ಕುಳಿತು, ಮಕ್ಕಳ ಪುಸ್ತಕ ಹಿಡಿದು, ಮಕ್ಕಳ ಹಾಗೆ ರಾಗ ಎಳೆದು ಹೇಳಬೇಕೆಂದರೆ ಎಷ್ಟು ದಿನ ಬಂದಾಳು? ಗಂಡಸರಲ್ಲಿ ಇದು ಇನ್ನೂ ಗಟ್ಟಿ. ಉಸ್ತಾದರ ಸಂಬಳ ನಿಗದಿ ಮಾಡುವ ಕಮಿಟಿ ಸದಸ್ಯರು ಅದೇ ಉಸ್ತಾದರ ಎದುರು ಕುಳಿತು ಫಾತಿಹಾ ತಿದ್ದಿಸಿಕೊಳ್ಳಬೇಕು. ಬಾಯಿ ತೆರೆಯುವುದಕ್ಕಿಂತ ಹಿಂದಿನ ಸಾಲಿನಲ್ಲಿ ಕಂಬಕ್ಕೆ ಒರಗಿ ಕೂರುವುದೇ ಮೇಲು ಎಂದು ಅವರಿಗೆ ಕಂಡರೆ ಆಶ್ಚರ್ಯವಿಲ್ಲ.

ನಾಚಿಕೆ ಪಡಬೇಕಾದ್ದು ಏನೂ ಇಲ್ಲ ಎಂದು ದೀನಿನ ಚರಿತ್ರೆಯೇ ಹೇಳುತ್ತದೆ. ಸಹಾಬಿಗಳಲ್ಲಿ ಹೆಚ್ಚಿನವರು ದೊಡ್ಡವರಾದ ಮೇಲೆಯೇ ಕಲಿತವರು. ನಾಯಕರಾಗುವ ಮೊದಲೇ ಅರಿವು ಪಡೆಯಿರಿ ಎಂಬ ಅರ್ಥದ ಉಮರ್ (ರ) ಅವರ ಮಾತನ್ನು ಉಲ್ಲೇಖಿಸುವಾಗ ಇಮಾಮ್ ಬುಖಾರಿಯವರು, ನಾಯಕರಾದ ಬಳಿಕವೂ ಕಲಿಯಬೇಕು, ಪ್ರವಾದಿ (ಸ) ಅವರ ಸಂಗಾತಿಗಳು ಇಳಿವಯಸ್ಸಿನಲ್ಲೂ ಕಲಿತಿದ್ದಾರೆ ಎಂಬ ಟಿಪ್ಪಣಿ ಸೇರಿಸಿದ್ದಾರೆ. ತಡವರಿಸುತ್ತಾ, ಕಷ್ಟಪಟ್ಟು ಕುರ್‌ಆನ್ ಓದುವವರಿಗೆ ಎರಡು ಪ್ರತಿಫಲ ಎಂಬ ಹದೀಸ್ ಎಲ್ಲರಿಗೂ ಗೊತ್ತಿರುವಂಥದ್ದೇ. ನಮ್ಮ ಮದ್‌ಹಬ್‌ನ ದೊಡ್ಡ ಇಮಾಮರಲ್ಲಿ ಒಬ್ಬರಾದ, ಹಿಜರಿ 417ರಲ್ಲಿ ವಫಾತಾದ ಖಫ್ಫಾಲ್ ಅಲ್ ಮರ್ವಝಿಯವರು ಬೀಗ ತಯಾರಿಸುವ ಕಸುಬಿನವರು, ಖಫ್ಫಾಲ್ ಎಂದರೆ ಅದೇ ಅರ್ಥ. ಕಿತಾಬ್ ಹಿಡಿದದ್ದು ಮೂವತ್ತರ ಆಸುಪಾಸಿನಲ್ಲಿ. ಆಮೇಲೆ ಖುರಾಸಾನಿನ ಶಾಫಿಈ ಉಲಮಾಗಳಿಗೆ ಮುಂದಾಳಾದರು. ಇನ್ನು ಹೆಂಗಸರು: ಗಂಡಸರೇ ನಿಮ್ಮ ಸಮಯವನ್ನೆಲ್ಲ ಪಡೆಯುತ್ತಾರೆ, ನಮಗೂ ಒಂದು ದಿನ ಕೊಡಿ ಎಂದು ಪ್ರವಾದಿ (ಸ) ಅವರಲ್ಲಿ ಕೇಳಿದ್ದು ಮದೀನದ ಹೆಂಗಸರೇ. ಅವರು ದಿನ ಗೊತ್ತುಮಾಡಿ ಕೊಟ್ಟರು. ಕೇಳಿದವರಿಗೆ ಅನುಕೂಲವಾದ ದಿನ, ಕಮಿಟಿಗೆ ಅನುಕೂಲವಾದ ದಿನವಲ್ಲ.

ಇವುಗಳಲ್ಲಿ ನಮಗೆ ತರಗತಿ ನಡೆಸಲು ಬಹಳ ಉಪಕಾರಕ್ಕೆ ಬಂದದ್ದು ಉಮರ್ (ರ) ಅವರದ್ದೇ ಇನ್ನೊಂದು ಪ್ರಸಂಗ. ಅವರು ಮದೀನದ ಹೊರವಲಯದಲ್ಲಿ ವಾಸವಿದ್ದರು. ದುಡಿಮೆಯೂ ಆಗಬೇಕು, ಕಲಿಕೆಯೂ ಆಗಬೇಕು. ನೆರೆಯ ಅನ್ಸಾರಿ ಸಹಾಬಿಯೊಂದಿಗೆ ಒಪ್ಪಂದ ಮಾಡಿಕೊಂಡರು: ಒಂದು ದಿನ ಇವರು ಪ್ರವಾದಿ (ಸ) ಅವರ ಸನ್ನಿಧಿಗೆ ಹೋಗುವುದು, ಮಾರನೆ ದಿನ ಅವರು. ಹೋದವರು ಬಂದು ಆ ದಿನ ಕೇಳಿದ್ದನ್ನೆಲ್ಲ ಇನ್ನೊಬ್ಬರಿಗೆ ಹೇಳಬೇಕು.

ನಮ್ಮ ತರಗತಿಯಲ್ಲಿ ಇದನ್ನು ಯಾರೂ ಹೇಳಿಕೊಡುವ ಮೊದಲೇ ಮಾಡಿದವರು ಇಬ್ಬರು ಓರಗಿತ್ತಿಯರು. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಇಬ್ಬರೂ ಒಟ್ಟಿಗೆ ಹೊರಡುವ ಹಾಗಿಲ್ಲ. ಒಂದು ದಿನ ದೊಡ್ಡವರು ಬರುತ್ತಾರೆ, ಮರುದಿನ ಚಿಕ್ಕವರು. ಹಾಜರಿ ಪುಸ್ತಕದಲ್ಲಿ ಇಬ್ಬರೂ ಅರ್ಧ ದಿನ ಗೈರು. ಆದರೆ ಪಾಠದಲ್ಲಿ ದಿನಾಲೂ ಬರುವವರಿಗಿಂತ ಮುಂದೆ. ಕಾರಣ ಕೇಳಿದಾಗ ಚಿಕ್ಕವರು ನಗುತ್ತಾ, “ಅಲ್ಲಿ ಕೇಳಿದ್ದನ್ನು ಮನೆಗೆ ಹೋಗಿ ಅವರಿಗೆ ಹೇಳಬೇಕಲ್ಲ, ಇಲ್ಲದಿದ್ರೆ ಬಿಡುದಿಲ್ಲ” ಎಂದರಂತೆ. ರಾತ್ರಿ ಪಾತ್ರೆ ತೊಳೆಯುವಲ್ಲಿ ಒಬ್ಬರು ಹೇಳಿ ಇನ್ನೊಬ್ಬರು ತಿದ್ದುವುದು. ಮಲಗಿದ್ದ ಅತ್ತೆಯೂ ಒಳಗಿನಿಂದಲೇ ಫಾತಿಹಾದ ಕೊನೆಯ ಆಯತ್ತನ್ನು ಸರಿಪಡಿಸಿಕೊಂಡರು ಎಂಬ ಸುದ್ದಿ ಬಂತು. ತರಗತಿಗೆ ಹೆಸರೇ ಕೊಡದ ಒಬ್ಬರು ಹೀಗೆ ಕಲಿತರು.

ಈಗ ಅಲ್ಲಿ ಎಲ್ಲರಿಗೂ ಒಬ್ಬೊಬ್ಬ ಜೊತೆಗಾತಿ. ಚಾಪೆಯ ಮೇಲೆ ಅರ್ಧ ಗಂಟೆ ಕಲಿಸುವುದು, ಉಳಿದದ್ದು ಮನೆಯಲ್ಲಿ ಇಬ್ಬಿಬ್ಬರೇ. ತಿದ್ದುವಾಗ ಎಲ್ಲರ ಎದುರು ತಿದ್ದುವುದಿಲ್ಲ, ಒಬ್ಬೊಬ್ಬರನ್ನೇ ಹತ್ತಿರ ಕರೆದು ಕೇಳುವುದು. ಹಿಂದೆ ಪಳ್ಳಿ ದರ್ಸ್‌ಗಳಲ್ಲಿ ಮುತಅಲ್ಲಿಮರು ಒಬ್ಬೊಬ್ಬರಾಗಿ ಉಸ್ತಾದರ ಬಳಿ ಕಿತಾಬ್ ಓದಿದ ಹಾಗೆ. ಕನ್ನಡ ಅಕ್ಷರಕ್ಕೆ ‘ಅ, ಆ, ಇ, ಈ’ ಪಟ್ಟಿ ಕೆಳಗಿಟ್ಟಾಯಿತು. ಅವರವರ ಹೆಸರು, ಗಂಡನ ಹೆಸರು, ಊರಿನ ಹೆಸರು, ಬಸ್ಸಿನ ಬೋರ್ಡ್, ರೇಷನ್ ಕಾರ್ಡ್, ಅವರೇ ನುಂಗುವ ಮಾತ್ರೆಯ ಪಟ್ಟಿ, ಬ್ಯಾಂಕ್ ಪಾಸ್‌ಬುಕ್. ತಲಪಾಡಿ ಬಸ್ಸು ಹತ್ತಬೇಕಾದವರಿಗೆ ‘ತ’ ಅಕ್ಷರ ಕಲಿಯಲು ಒಂದು ದಿನ ಸಾಕು. ಪಾಸ್‌ಬುಕ್ ತಂದ ದಿನ ಒಬ್ಬರು ತಮ್ಮ ಖಾತೆಯಲ್ಲಿ ಎಷ್ಟಿದೆ ಎಂದು ಮೊದಲ ಸಲ ತಾವೇ ನೋಡಿ, ಪುಸ್ತಕ ಮಡಚಿ ಬ್ಯಾಗಿನೊಳಗಿಟ್ಟು, ಯಾರಿಗೂ ಏನೂ ಹೇಳದೆ ಕುಳಿತರು. ಮುಂದಿನ ವಾರದಿಂದ ಆ ಪಾಸ್‌ಬುಕ್ ಮಗನ ಕಪಾಟಿನಲ್ಲಿ ಇರಲಿಲ್ಲ.

ಇಷ್ಟೆಲ್ಲ ಆದರೂ ನಾಲ್ಕೈದು ಮಂದಿ ಅಕ್ಷರ ಹಿಡಿಯುತ್ತಿರಲಿಲ್ಲ. ಬುದ್ಧಿಗೆ ತುಕ್ಕು ಹಿಡಿದಿದೆ ಎಂದು ಅವರೇ ಹೇಳುತ್ತಿದ್ದರು. ಕಲಿಸುವಾಕೆ ಗಮನಿಸಿದ್ದು ಬೇರೆ: ಅವರೆಲ್ಲ ಪುಸ್ತಕವನ್ನು ಕೈ ಚಾಚಿ ದೂರ ಹಿಡಿಯುತ್ತಿದ್ದರು. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಂಜಾಗುವುದು ಎಲ್ಲರಿಗೂ ಇರುವಂಥದ್ದೇ. ಓದಿದವರು ಆ ಹೊತ್ತಿಗೆ ಚಾಳೀಸು ಕೊಳ್ಳುತ್ತಾರೆ. ಓದು ಬಾರದವರಿಗೆ ಕನ್ನಡಕ ಏಕೆ ಎಂದು ಮನೆಯಲ್ಲಿ ಯಾರಿಗೂ ಹೊಳೆದಿರುವುದಿಲ್ಲ. ಅರಬಿಯಲ್ಲಿ ‘ಬಾ’, ‘ತಾ’, ‘ಸಾ’ ಮೂರಕ್ಕೂ ಇರುವ ವ್ಯತ್ಯಾಸ ಚುಕ್ಕಿ ಮಾತ್ರ, ಕನ್ನಡದಲ್ಲಿ ‘ಪ’ ಮತ್ತು ‘ಷ’ ನಡುವೆ ಒಂದು ಸಣ್ಣ ಗೀಟು. ಅದೇ ಕಾಣದಿದ್ದರೆ ಯಾವ ಉಸ್ತಾದ್ ಕಲಿಸಿ ಏನು ಪ್ರಯೋಜನ? ಹೊಸತಾಗಿ ತರಗತಿ ಆರಂಭಿಸುವ ಜಮಾಅತ್‌ನವರು ಪುಸ್ತಕಕ್ಕೆ ದುಡ್ಡು ತೆಗೆಯುವ ಮೊದಲು ಒಂದು ದಿನ ಕಣ್ಣಿನ ತಪಾಸಣೆ ಇಡುವುದು ಒಳ್ಳೆಯದು. ನಮ್ಮಲ್ಲಿ ತಪಾಸಣೆ ಆಗಿ ಮೂರು ವಾರವಾಯಿತು. ಬಿಟ್ಟು ಹೋಗಿದ್ದವರಲ್ಲಿ ಇಬ್ಬರು ಕನ್ನಡಕ ಹಾಕಿಕೊಂಡು ವಾಪಸು ಬಂದಿದ್ದಾರೆ. ಒಬ್ಬರು ಅದನ್ನು ಬುರ್ಖಾದ ಒಳಗೆ ಅಡಗಿಸಿ ತಂದು, ತರಗತಿಯ ಬಾಗಿಲು ಹಾಕಿದ ಮೇಲೆ ಹಾಕಿಕೊಳ್ಳುತ್ತಾರಂತೆ.